ಸೇಸೆಯ ಅಕ್ಕಿ ಮತ್ತು ‘ಸರಿಯಲ್ಲ’ ಎಂಬ ಮಾತು

ಮನೆಯಲ್ಲಿ ತುಳುವಿನಲ್ಲಿ ನಡೆದ ಮಾತನ್ನು ಕನ್ನಡಕ್ಕೆ ತರುವಾಗ ನನ್ನಿಂದ ಲೋಪವಾಗಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಕುಟುಂಬದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲನೆಯವಳು; ಆದ್ದರಿಂದ ಬರೆದ ಪ್ರತಿ ವಾಕ್ಯವೂ ಸರಿಯೋ ತಪ್ಪೋ ಎಂದು ತಿರುಗಿ ನೋಡುವ ಅಭ್ಯಾಸ ಅಂಟಿಕೊಂಡಿದೆ. ವಿಚಿತ್ರವೆಂದರೆ, ‘ಸರಿ’, ‘ತಪ್ಪು’ ಎಂಬ ಮಾತುಗಳಿಗೆ ಅರ್ಥವೇನು ಎಂಬುದನ್ನೇ ನಾನು ಮಣಿಪಾಲದಲ್ಲಿ ಎರಡು ವರ್ಷ ಓದಿದೆ. ತತ್ತ್ವಶಾಸ್ತ್ರ ಓದಿದರೆ ಎಂತ ಕೆಲಸ ಸಿಗುತ್ತದೆ ಎಂದು ಉದ್ಯಾವರದ ನೆರೆಹೊರೆಯವರು ಕೇಳಿದಾಗಲೆಲ್ಲ ಅಮ್ಮ, “ಅದು ದೊಡ್ಡ ಓದು” ಎಂದು ಮಾತು ಮುಗಿಸುತ್ತಿದ್ದರು.

ಅಕ್ಕನ ಮದುವೆ ಕಾರ್ಕಳದ ಸಭಾಂಗಣದಲ್ಲಿ ನಿಶ್ಚಯವಾಗಿತ್ತು. ವಧೂವರರ ತಲೆಗೆ ಅಕ್ಕಿಕಾಳು ಹಾಕಿ ಹರಸುವುದನ್ನು ನಮ್ಮಲ್ಲಿ ಸೇಸೆ ಎನ್ನುತ್ತಾರೆ. ಮೊದಲ ಸೇಸೆ ಹೆತ್ತವರದು. ಅಪ್ಪ ತೀರಿಕೊಂಡಿದ್ದರು. ಮದುವೆಯ ಹಿಂದಿನ ವಾರ ಕಾಪುವಿನಿಂದ ಬಂದ ಸೋದರಮಾವ ಚಹಾದ ಲೋಟ ಕೆಳಗಿಟ್ಟು, ಅಮ್ಮನ ಮುಖ ನೋಡದೆ ಹೇಳಿದರು: “ಮೊದಲ ಸೇಸೆ ನಾನು ಹಾಕುತ್ತೇನೆ. ಗಂಡ ಇಲ್ಲದವಳು ಹಾಕುವುದು ಸರಿಯಲ್ಲ.”

ಅಮ್ಮ ಮೊರದಲ್ಲಿ ಸೇಸೆಯ ಅಕ್ಕಿಯನ್ನೇ ಆರಿಸುತ್ತಿದ್ದರು. ಕೈ ನಿಂತಿತು.

ನನಗೆ ಸಿಟ್ಟು ಬಂತು; ಸಿಟ್ಟು ಬಂದಾಗ ನನ್ನ ಬಾಯಿಗೆ ಬರುವುದು ಪಾಠ. ‘ಸರಿಯಲ್ಲ’ ಎನ್ನುವುದು, ಮಳೆ ಬರುತ್ತಿದೆ ಎನ್ನುವಂತೆ, ಲೋಕದಲ್ಲಿರುವ ಸಂಗತಿಯೊಂದರ ವರದಿ ಎಂದು ಕೆಲವರು ವಾದಿಸುತ್ತಾರೆ. ಅಲ್ಲ, ಹಾಗಲಕಾಯಿ ಬಾಯಿಗಿಟ್ಟವರು ಮುಖ ಹಿಂಡುವಂತೆ ಅದು ಬರಿಯ ಇಷ್ಟಾನಿಷ್ಟದ ಸದ್ದು ಎನ್ನುವವರೂ ಇದ್ದಾರೆ. ಮತ್ತೆ ಕೆಲವರಿಗೆ ಅದು ಎಲ್ಲರಿಗೂ ಕೊಟ್ಟ ಅಪ್ಪಣೆ. ನಾನು ಎರಡನೆಯದನ್ನು ಕೈಗೆತ್ತಿಕೊಂಡೆ.

“ಮಾವ, ನೀವು ಸರಿಯಲ್ಲ ಎಂದರೆ ನಿಮಗೆ ಇಷ್ಟವಿಲ್ಲ ಎಂದಷ್ಟೇ ಅರ್ಥ.”

“ಇಷ್ಟ ಇಲ್ಲ ಎಂದು ಯಾರು ಹೇಳಿದ್ದು, ಮಾರಾಯ್ತಿ? ಅವಳು ಹಾಕಿದರೆ ನನಗೆ ಸಂತೋಷವೇ. ಆದರೂ ಸರಿಯಲ್ಲ.”

ದೊಡ್ಡ ಓದು ಚಹಾದ ಲೋಟದ ಪಕ್ಕದಲ್ಲಿ ಕುಸಿದು ಕುಳಿತಿತು. ಇಷ್ಟವಿದ್ದೂ ಸರಿಯಲ್ಲ ಎನ್ನುವವರನ್ನು ಆ ಸಿದ್ಧಾಂತ ಎಲ್ಲಿ ಕೂರಿಸಬೇಕು?

“ಹಾಗಾದರೆ ಅದು ಯಾರ ಅಪ್ಪಣೆ?”

“ನನ್ನದಂತೂ ಅಲ್ಲ.”

“ಮತ್ತೆ ಅದು ಎಲ್ಲಿ ಉಂಟು?”

“ಎಲ್ಲಿ ಎಂದು ಕೇಳಿದರೆ ಎಂತ ಹೇಳುವುದು? ಉಂಟು.”

ಅಮ್ಮ ಮೊರದಿಂದ ಕಣ್ಣೆತ್ತಲಿಲ್ಲ. “ಸರಿ ತಪ್ಪು ನೀವಿಬ್ಬರು ಮಾತಾಡಿಕೊಳ್ಳಿ. ನನ್ನ ಕೈಯಿಂದ ಬಿದ್ದ ಅಕ್ಕಿಯಿಂದ ಅವಳಿಗೆ ಕೆಟ್ಟದಾಗುತ್ತದೆ ಎಂದು ನಿನಗೆ ಅನ್ನಿಸುತ್ತದಾ, ಅಣ್ಣ?”

ಮಾವ ಛತ್ರಿ ಹಿಡಿದು ಬಸ್ಸಿಗೆ ಹೊರಟರು.

ಮದುವೆಯ ದಿನ ಸೇಸೆಗೆ ಕರೆದಾಗ ಅಮ್ಮ ಹಿಂದಿನ ಸಾಲಿನ ಕುರ್ಚಿಯಲ್ಲಿದ್ದರು. ಹರಿವಾಣ ಹಿಡಿದು ಮಂಟಪ ಹತ್ತಿದ ಮಾವ ಒಂದು ಹಿಡಿ ಅಕ್ಕಿ ತೆಗೆದುಕೊಂಡರು, ಅಕ್ಕನ ತಲೆ ನೋಡಿದರು, ಅಕ್ಕಿಯನ್ನು ಹರಿವಾಣಕ್ಕೇ ಮರಳಿ ಹಾಕಿದರು. ಮತ್ತೆ ಇಳಿದು ಅಮ್ಮನ ಬಳಿಗೆ ನಡೆದರು. “ಬಾ, ನೀನು ಹಾಕು. ನಾನು ಆಮೇಲೆ.”

“ಇದು ಎಂತ ಹೊಸತು?” ಎಂದರು ಪಕ್ಕದ ಹಿರಿಯರೊಬ್ಬರು.

“ಹೊಸತು ಎಂತ? ತಾಯಿ ಅವಳೇ ಅಲ್ವಾ?” ಎಂದರು ಮಾವ.

ಅಮ್ಮ ಸೇಸೆ ಹಾಕಿದರು. ಒಂದೆರಡು ಕಾಳು ಅಕ್ಕನ ಮಲ್ಲಿಗೆಯಲ್ಲಿ ಉಳಿದವು.

ಊಟದ ಪಂಕ್ತಿಯಲ್ಲಿ ನನಗೆ ಸುಮ್ಮನಿರಲಾಗಲಿಲ್ಲ. “ಈಗ ಅದು ಸರಿಯಾಯಿತೇ, ಮಾವ?”

“ಮೊದಲೂ ಸರಿಯೇ ಇತ್ತೋ ಏನೋ. ನನಗೆ ಗೊತ್ತಿರಲಿಲ್ಲ. ಪಾಯಸ ಬಂತು, ನೋಡು.”

ಇಷ್ಟ ಬದಲಾಯಿತು ಎಂದು ಅವರು ಹೇಳಲಿಲ್ಲ, ಅಪ್ಪಣೆ ಹಿಂದೆಗೆದುಕೊಂಡೆ ಎಂದೂ ಹೇಳಲಿಲ್ಲ. ಇದ್ದುದನ್ನು ತಡವಾಗಿ ಕಂಡವರಂತೆ ಮಾತನಾಡಿದರು. ಯಾವ ಸಿದ್ಧಾಂತ ಗೆದ್ದಿತೆಂದು ಹೇಳುವ ಧೈರ್ಯ ನನಗೆ ಇಂದಿಗೂ ಇಲ್ಲ. ಆದರೆ ಆ ಬಳಿಕ ನಮ್ಮ ಕುಟುಂಬದ ಮದುವೆಗಳಲ್ಲಿ ಮೊದಲ ಸೇಸೆಗೆ ತಾಯಿಯನ್ನು ಕರೆಯುತ್ತಾರೆ; ಗಂಡ ಇದ್ದಾನೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.