ಮಾವನವರ ಟಾನಿಕ್

ಗೆಳತಿಯರೇ, ಇವತ್ತು ತಿಕೋಟಾದ ನಮ್ಮ ದವಾಖಾನೆಗೆ ಒಬ್ಬ ವಿಚಿತ್ರ ಬಸುರಿ ಬಂದಿದ್ದರು. ವಯಸ್ಸು ಅರವತ್ತು, ಹುರಿ ಮೀಸೆ, ಹೆಗಲಲ್ಲಿ ಟ್ರಾನ್ಸಿಸ್ಟರ್.

ಘೋಣಸಗಿಯ ಯಜಮಾನರು. ಹಿಂದೆ ಸೊಸೆ, ತಲೆ ತುಂಬ ಸೆರಗು. ಖಾಲಿ ಬಾಟಲಿಯನ್ನು ನನ್ನ ಮೇಜಿನ ಮೇಲಿಟ್ಟು, "ಸಿಸ್ಟರ್, ಟಾನಿಕ್ ತೀರೇತ್ರಿ, ಮತ್ತ ತುಂಬಿ ಕೊಡ್ರಿ" ಅಂದರು. ಅದನ್ನು ಅವರ ಏಳು ತಿಂಗಳ ಬಸುರಿ ಸೊಸೆಗೆಂದು ನಾಲ್ಕು ದಿನದ ಹಿಂದಷ್ಟೇ ಕೊಟ್ಟಿದ್ದೆ. ಮೈಯಲ್ಲಿ ರಕ್ತವಿಲ್ಲದೆ ಹುಡುಗಿ ಸುಣ್ಣ ಬಳಿದ ಗೋಡೆಯಂತಾಗಿದ್ದಾಳೆ. ಬಾಟಲಿ ತಿಂಗಳು ಬರಬೇಕಿತ್ತು.

"ಎಲ್ಲಾ ಅಕೀನ ಕುಡದಳೇನ್ರಿ?"

"ಅಕೀ ಸರದಿ ಇನ್ನ ಬಂದಿಲ್ರಿ. ನಮ್ಮ ಮನ್ಯಾಗ ಏನ ಬಂದ್ರೂ ಮೊದಲ ಹಿರ್ಯಾರಿಗೆ. ನಾ ಕುಡದ್ನಿ, ನನ್ನ ಮಗಾ ಕುಡದಾನ. ಭಾಳ ಛಲೋ ಐತ್ರಿ, ಹಸಿವಿ ಹೆಚ್ಚಾಗೇತಿ."

ನಾನು ಹೊಸ ಚೀಟಿ ತೆಗೆದೆ. "ಹೆಸರು ಹೇಳ್ರಿ. ನಿಮಗ ಎಷ್ಟು ತಿಂಗಳ್ರಿ?"

"ಯಾರಿಗೆ, ನನಗ?"

"ಇದು ಬಸುರಿದ್ದವ್ರಿಗಷ್ಟ ಕೊಡೂ ಔಷಧ. ಬರ್ರಿ, ಮಲಗ್ರಿ, ಹೊಟ್ಟಿ ನೋಡತೇನಿ."

ಸಾಲಿನಲ್ಲಿ ಕೂತ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಯಜಮಾನರು ಟ್ರಾನ್ಸಿಸ್ಟರಿನ ಕಿವಿ ತಿರುವತೊಡಗಿದರು. ನಾನು ಗೆದ್ದೆ ಅಂದುಕೊಂಡು ತುಂಬಿದ ಬಾಟಲಿಯನ್ನು ಸೊಸೆಯ ಕೈಗೇ ಕೊಟ್ಟೆ.

ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಮರ್ಯಾದೆಯಿಂದ ಮಾವನಿಗೆ ಒಪ್ಪಿಸಿದಳು.

ಹೆರಿಗೆಯ ಸರದಿಯನ್ನು ಮಾತ್ರ ಹಿರಿಯರು ದೊಡ್ಡ ಮನಸ್ಸು ಮಾಡಿ ಅವಳಿಗೇ ಬಿಟ್ಟುಕೊಟ್ಟಿದ್ದಾರೆ.