ಎಡಗಡೆ ಎತ್ತಿನ ಹೊಟ್ಟೆಯ ನೀರು

ಗುಳುಂ ಎಂದು ಸದ್ದಾಯಿತು. ಗಫಾರ ಎರಡು ಒಡಲಿನ ದೋಣಿಯ ಮೂತಿ ಹಿಡಿದು ಇನ್ನೊಮ್ಮೆ ಎತ್ತಿದ. ಎಡಗಡೆಯ ಒಡಲೊಳಗೆ ನೀರು ಹಿಂದಕ್ಕೆ ಉರುಳಿ, ತುದಿಗೆ ಬಡಿದು ಮತ್ತೆ ಗುಳುಂ ಎಂದಿತು. ಒಣಗಿರಬೇಕಾದ ಒಡಲು ಅದು. ನಿನ್ನೆ ಸಂಜೆ ಅವನೇ ಹಿಂಬದಿಯ ಬೂಚು ಬಿಚ್ಚಿ, ಹನಿಯೂ ಉಳಿಯದಂತೆ ಬಸಿದು, ಬೂಚನ್ನು ಮತ್ತೆ ಬಿಗಿಯಾಗಿ ತಿರುವಿ ಹೋಗಿದ್ದ.

ಭಾನುವಾರ ಬೆಳಗಿನ ಎಂಟು ಗಂಟೆ. ಹಿಡಕಲ್ ಡ್ಯಾಮಿನ ಹಿನ್ನೀರಿನ ದಂಡೆಯಲ್ಲಿ ಮಾವಿನ ತೋರಣ ಕಟ್ಟಿದ್ದರು. ಅದರ ಕೆಳಗೇ ನಿನ್ನೆ ರಾತ್ರಿಯ ಊಟದ ಕೋಳಿ ಎಲುಬು, ಒದ್ದೆ ಪತ್ರಾವಳಿ ಎಲೆ, ಗುಟ್ಕಾ ಚೀಟಿ. ನಾಯಿಯೊಂದು ಲೈಫ್ ಜಾಕೆಟ್ ಮೇಲೆ ಮಲಗಿ ಎಲುಬು ಕಡಿಯುತ್ತಿತ್ತು. ಗಫಾರ ಅದನ್ನು ಓಡಿಸಿ ಜಾಕೆಟ್ ಎತ್ತಿಕೊಂಡ. ಬೆವರು, ಕರಿದೆಣ್ಣೆ, ಸಾರಾಯಿ ಸೇರಿದ ವಾಸನೆ ಬಂತು. ದಂಡೆಯಲ್ಲಿ ಇಸ್ಪೀಟಾಡುವವರು ವಾರವಿಡೀ ಅದನ್ನೇ ತಲೆದಿಂಬು ಮಾಡಿಕೊಂಡಿದ್ದರು. ಅವನು ಅದನ್ನು ಎರಡು ಬೆರಳಲ್ಲಿ ಹಿಡಿದು ಗಿಡದ ಕೊಂಬೆಗೆ ಸಿಕ್ಕಿಸಿದ.

ಹುಕ್ಕೇರಿಯಲ್ಲಿ ಅವನಿಗೆ ತಾಡಪತ್ರಿ ಗಫಾರ ಎಂದೇ ಹೆಸರು. ಮೂವತ್ತು ವರ್ಷದಿಂದ ಲಾರಿ, ಟ್ರೇಲರ್, ಬೆಲ್ಲದ ಗಾಣಗಳಿಗೆ ಹೊದಿಕೆ ಹೊಲಿದವನು. ಕೌಜಲಗಿಯಿಂದ ಕಣಗಲಾದವರೆಗೆ ಮಳೆಯಲ್ಲಿ ಒಣಗಿ ಉಳಿದ ಬೆಲ್ಲಕ್ಕೆಲ್ಲ ಅವನ ಹೊಲಿಗೆಯ ಋಣವಿತ್ತು. ಹೊಲಿಗೆ ಮುಗಿದ ಮೇಲೆ ಬಟ್ಟೆಯನ್ನು ಬಿಸಿಲಿಗೆ ಹಿಡಿದು, ಒಂದು ಸೂಜಿಮೊನೆಯಷ್ಟು ಬೆಳಕು ಕಂಡರೂ ಬಿಚ್ಚಿ ಮತ್ತೆ ಹೊಲಿಯುವ ಮನುಷ್ಯ. ಐವತ್ತಮೂರು ವರ್ಷ ಅವನು ಗಾಳಿಯನ್ನು ಕಂಡದ್ದು ತಾಡಪತ್ರಿ ಕಿತ್ತೊಯ್ಯುವ ಕಳ್ಳನನ್ನಾಗಿ ಮಾತ್ರ.

ಹೋದ ವರ್ಷ ಮೂಡಲಗಿಯ ಲಖನ ಕರಾವಳಿಯಿಂದ ಒಂದು ಹಳೆಯ ಹಾಯಿದೋಣಿ ಕೊಂಡು, ಕಬ್ಬಿನ ಲಾರಿಯಲ್ಲಿ ಹಾಕಿಸಿಕೊಂಡು ಬಂದ. ಕ್ಯಾಟಮರಾನ್ ಅಂದ. ಎರಡು ಉದ್ದನೆಯ ಫೈಬರ್ ಒಡಲು, ಅವನ್ನು ಜೋಡಿಸುವ ಎರಡು ಅಡ್ಡಕೋಲು, ಕೋಲುಗಳ ನಡುವೆ ಬಿಗಿದು ಕಟ್ಟುವ ಜಾಳಿಗೆ, ಒಂದು ಕಂಬ, ಒಂದು ಹಾಯಿ. ಕೂರುವುದು ಜಾಳಿಗೆಯ ಮೇಲೆಯೇ. ನಾಲ್ಕು ಜನ ಎತ್ತಿ ನೀರಿಗಿಡಬಹುದಾದಷ್ಟು ಹಗುರ. ಹಾಯಿ ಹರಿದಿತ್ತು, ಜಾಳಿಗೆ ಕೊಳೆತಿತ್ತು. ಅದಕ್ಕೇ ಗಫಾರನನ್ನು ಕರೆಸಿದ್ದು.

ಅವನು ದೋಣಿಯನ್ನು ಒಂದು ಸುತ್ತು ಹಾಕಿ, "ಇದು ಜೋಡೆತ್ತು, ಇದು ನೊಗ," ಅಂದ. ಅಂದಿನಿಂದ ಒಡಲುಗಳಿಗೆ ಎಡಗಡೆ ಎತ್ತು, ಬಲಗಡೆ ಎತ್ತು ಎಂದೇ ಹೆಸರಾಯಿತು. ಗೋಕಾಕ ಪೇಟೆಯಿಂದ ಹಗ್ಗ ಪೋಣಿಸುವ ಹಿತ್ತಾಳೆಯ ಕಣ್ಣುಗಳನ್ನು ತಂದು, ದಪ್ಪ ಬಟ್ಟೆಯ ಅಂಚಿಗೆ ಕೂಡಿಸಿ ಹೊಸ ಜಾಳಿಗೆ ಹೊಲಿದ. ಹಾಯಿಗೆ ತೇಪೆ ಹಾಕಿದ. ಆಮೇಲೆ ಯಾರೂ ಕೇಳದಿದ್ದರೂ ದೋಣಿ ನಡೆಸುವುದನ್ನು ಕಲಿಯಲು ಕೂತ.

ಕಲಿಸಿದವಳು ದೋಣಿ ಮಾರಿದ ಕಾರವಾರದ ಅರ್ಚನಾ, ಅದೂ ಫೋನಿನಲ್ಲಿ.

"ಕಾಕಾ, ಕಂಬ ನಿಲ್ಲಿಸೋ ಮೊದ್ಲು ತಲೆ ಎತ್ತಿ ನೋಡಿ. ಕರೆಂಟಿನ ತಂತಿ ಇದ್ರೆ ಅಲ್ಲಿ ಬೇಡ."

"ಆತವ್ವ."

"ನೀರಿಗೆ ಇಳಿಸೋ ಮೊದ್ಲು ಎರಡೂ ಬೂಚು ಮುಟ್ಟಿ ನೋಡಿ. ಗಾಳಿಗೆ ಮೂತಿ ಮಾಡೇ ಹಾಯಿ ಏರಿಸ್ಬೇಕು. ಅಡ್ಡ ಮಾಡಿದ್ರೆ ದೋಣಿ ನಿಮ್ಮನ್ನ ಬಿಟ್ಟು ಹೋಗ್ತದೆ. ಮೂರು ಜನರ ಮೇಲೆ ಒಬ್ರೂ ಬೇಡ. ಏನೂ ತಿಳೀಲಿಲ್ಲ ಅಂದ್ರೆ ಹಾಯಿಯ ಹಗ್ಗ ಬಿಟ್ಬಿಡಿ, ಅದೇ ನಿಲ್ತದೆ."

ಕೊನೆಯ ಮಾತು ಅವನಿಗೆ ವಿಚಿತ್ರವಾಗಿ ಕೇಳಿತು. ಜನ್ಮವಿಡೀ ಹಗ್ಗ ಬಿಗಿದೇ ಬದುಕಿದವನು.

ಮೊದಲ ಸಲ ಹಾಯಿ ತುಂಬಿದ್ದು ಒಂದು ಶುಕ್ರವಾರ, ನಮಾಜು ಮುಗಿಸಿ ಬಂದ ಮೇಲೆ. ಅದಕ್ಕೆ ಮುಂಚೆ ಎರಡು ಸಲ ಮಗುಚಿ ಬಿದ್ದಿದ್ದ. ಮೂರನೆಯ ಸಲ ಅವನು ಹೊಲಿದ ತೇಪೆ ಉಬ್ಬಿತು, ಜೋಡೆತ್ತು ನೀರನ್ನು ಸೀಳಿಕೊಂಡು ಹೊರಟಿತು. ಎಂಜಿನ್ ಇಲ್ಲ, ಹೊಗೆ ಇಲ್ಲ. ಬಟ್ಟೆ ಹರಿದಾಗಿನಂಥ ತೆಳುವಾದ ಸದ್ದು ಮಾತ್ರ. ಕಳ್ಳ ಅಂದುಕೊಂಡಿದ್ದ ಗಾಳಿ ಅವನ ಹೊಲಿಗೆಯನ್ನು ಹಿಡಿದುಕೊಂಡು ನಡೆಸುತ್ತಿತ್ತು. ಅವನು ಒಬ್ಬನೇ ನಕ್ಕ. ಮನೆಗೆ ಬಂದು ಹೆಂಡತಿ ನಜೀರಾಗೆ ಹೇಳಲು ಹೋಗಿ, ಹೇಳಲು ಬಾರದೆ, ಚಹಾ ಕುಡಿದು ಮಲಗಿದ. "ದೋಣಿ ನೀವೇ ನಡಸ್ರಿ," ಎಂದು ಲಖನ ಅದೇ ವಾರ ಮಾತು ಕೊಟ್ಟ. ಅಂಥ ಮಾತನ್ನು ಗಫಾರನಿಗೆ ಯಾರೂ ಕೊಟ್ಟಿರಲಿಲ್ಲ.

ಆದರೆ ಲಖನನಿಗೆ ಬೇಕಾಗಿದ್ದದ್ದು ದೋಣಿಯಲ್ಲ, ದೋಣಿಯ ಫೋಟೋ. ಅವನ ಗೆಳೆಯರು ಜಾಳಿಗೆಯ ಮೇಲೆ ಕೂತು ಗುಟ್ಕಾ ಉಗುಳಿದರು. ಒದ್ದೆ ಹಾಯಿಯನ್ನು ಹಾಗೇ ಚೀಲಕ್ಕೆ ತುರುಕಿದರು, ಅದು ಹಳಸಿದ ಅನ್ನದ ಹಾಗೆ ನಾರಿತು. ಗಫಾರ ಪ್ರತಿ ಸಲ ತೊಳೆದ, ಒಣಗಿಸಿದ, ಮಡಚಿದ. ಕೆಂಪು ಉಗುಳನ್ನು ಮುಖ ತಿರುಗಿಸಿಕೊಂಡೇ ತೆಂಗಿನ ನಾರಿನಿಂದ ತಿಕ್ಕಿದ. ಆ ರಾತ್ರಿಗಳಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲ.

ಇಂದು ದೋಣಿ ಸವಾರಿಯ ಉದ್ಘಾಟನೆ. ಕಾಯಿ ಒಡೆಯಲೆಂದು ಗಫಾರನೇ ನಿನ್ನೆ ಒಂದು ಚಪ್ಪಟೆ ಕಲ್ಲನ್ನು ತೊಳೆದು, ದೋಣಿಯ ಮುಂದೆ ಇಟ್ಟು ಹೋಗಿದ್ದ. ಈಗ ಆ ಕಲ್ಲು ಒಣಗಿಯೇ ಇತ್ತು. ಎಡಗಡೆ ಎತ್ತಿನ ಮೂತಿಗೆ ಮಾತ್ರ ಕುಂಕುಮ ದಪ್ಪಗೆ ಮೆತ್ತಿದ್ದರು, ಅದರಲ್ಲಿ ತೆಂಗಿನ ಕರಟದ ಚೂರು ಅಂಟಿತ್ತು. ಅವನು ಅಂಗಿಯ ತುದಿಯಿಂದ ಕುಂಕುಮ ಒರೆಸಿದ. ಕೆಳಗೆ ಗೇಣುದ್ದದ ಬಿರುಕು. ಬೆರಳು ಒತ್ತಿದರೆ ಒಳಕ್ಕೆ ಹೋಗುತ್ತಿತ್ತು.

"ಯಾರು ಒಡದಾರ್ರಿ ಇದರ ಮ್ಯಾಲ?"

ಬಿಳಿ ಅಂಗಿ, ತಂಪು ಕನ್ನಡಕದ ಲಖನ ಫೋನಿನಿಂದ ತಲೆ ಎತ್ತಿದ. "ನಾನs ಒಡದೇನಿ ಮಾಮಾ, ನಸಕಿನ್ಯಾಗ. ಕಲ್ಲಿನ ಮ್ಯಾಲ ಒಡದ್ರ ವಿಡಿಯೋದಾಗ ದೋಣಿ ಕಾಣಲಿಲ್ಲ. ಆಮ್ಯಾಲ ಹುಟ್ಟು ಹಾಕಿ ನೀರಾಗ ಒಂದು ರೌಂಡ್ ಹೊಡದ್ವಿ. ನೋಡ್ರಿ, ಆಗ್ಲೇ ಮುನ್ನೂರು ಮಂದಿ ನೋಡ್ಯಾರ."

"ಒಡದೈತ್ರಿ ಇದು."

"ಟ್ರ್ಯಾಕ್ಟರಿಗೆ ಒಡೀತೇವಿ, ಜೆಸಿಬಿಗೆ ಒಡೀತೇವಿ. ಅವಕ್ಕೇನೂ ಆಗಂಗಿಲ್ಲ."

"ಅವು ಕಬ್ಬಿಣ. ಇದು ಹಪ್ಪಳ ಐತಿ. ಒಳಗ ನೀರು ತುಂಬೇತಿ, ಕೇಳ್ರಿಲ್ಲೆ." ಗಫಾರ ಮೂತಿ ಎತ್ತಿದ. ಗುಳುಂ.

"ಹೊಟ್ಟಿ ಹಸದಿರಬೇಕು," ಅಂದ ಲಖನ. ಗೆಳೆಯರು ನಕ್ಕರು. ಒಬ್ಬ ನಗುತ್ತಲೇ ಕಲ್ಲಿನ ಮೇಲೆ ಉಗುಳಿದ.

ಅಷ್ಟರಲ್ಲಿ ಘೋಡಗೇರಿಯಿಂದ ಟಂಟಂ ಆಟೋ ಬಂತು. ಮಹಿಳಾ ಸಂಘದ ಎಂಟು ಮಂದಿ, ಮುಂದೆ ಉದ್ದವ್ವ. ಮೊದಲ ಸವಾರಿ ಅವರಿಗೇ ಎಂದು ಲಖನ ಊರ ತುಂಬ ಹೇಳಿಸಿದ್ದ. ಉದ್ದವ್ವ ಸೀರೆಯ ಮೇಲೆ ಲೈಫ್ ಜಾಕೆಟ್ ತೊಟ್ಟು ಮೂಗು ಮುಚ್ಚಿಕೊಂಡಳು.

"ಏನ್ರಿ ಇದು, ಇದರಾಗ ಯಾರರ ಸತ್ತಿದ್ರೇನು?"

"ಕೂಡ್ರಿ ಅಕ್ಕಾ, ಎಲ್ಲಾರೂ ಒಮ್ಮೆಲೇ ಕೂಡ್ರಿ. ವಿಡಿಯೋ ಭಾರಿ ಬರ್ತೈತಿ," ಅಂದ ಲಖನ.

"ಮೂರು ಮಂದಿ," ಅಂದ ಗಫಾರ. "ಅದೂ ಇವತ್ತಲ್ಲ."

"ಮೂರು ಮಂದಿ ಅಂದ್ರ ನಮ್ಮ ಬಾಳವ್ವ ಒಬ್ಬಾಕಿನ ಆಕ್ಕಾಳು," ಎಂದು ಉದ್ದವ್ವ ನಕ್ಕಳು. ಗುಂಪಿನಲ್ಲೇ ದಪ್ಪಗಿದ್ದ ಬಾಳವ್ವ ಅವಳ ಬೆನ್ನಿಗೊಂದು ಗುದ್ದಿದಳು. ಆಮೇಲೆ ಉದ್ದವ್ವ ಗಫಾರನ ಮುಖ ನೋಡಿ ನಗು ನಿಲ್ಲಿಸಿದಳು. ಅವಳ ಮನೆಯ ಕಣಜಕ್ಕೂ ಅವನೇ ಹೊದಿಕೆ ಹೊಲಿದವನು. "ಅಣ್ಣಾ, ನೀ ನಡಸ್ತಿ ಅಂದ್ರ ನಾವು ಕೂಡ್ತೇವಿ. ನಮಗ ಬ್ಯಾರೆ ಯಾರೂ ಗೊತ್ತಿಲ್ಲ."

ಲಖನ ಹತ್ತಿರ ಬಂದು ದನಿ ತಗ್ಗಿಸಿದ. "ಮಾಮಾ, ಮಂದ್ಯಾಗ ಮಾನ ಕಳೀಬ್ಯಾಡ್ರಿ. ಬಿರುಕಿಗೆ ಟೇಪ್ ಹಚ್ಚೂಣು. ಹತ್ತು ಮಿನಿಟ್‌ನ ಮಾತು. ನೀವು ಒಲ್ಲೆ ಅಂದ್ರ ನಮ್ಮ ಹುಡುಗ್ರು ನಡಸ್ತಾರ. ಆದ್ರ ನಾಳಿಂದ ನೀವು ಈ ದೋಣಿ ಮುಟ್ಟಂಗಿಲ್ಲ ನೋಡ್ರಿ."

ಗಫಾರ ನೀರನ್ನು ನೋಡಿದ. ಒಳ್ಳೆಯ ಗಾಳಿ ಇತ್ತು. ಹಿನ್ನೀರಿನ ಮೇಲೆ ಗೆರೆಗೆರೆಯಾಗಿ ಬರುತ್ತಿತ್ತು, ಆ ಶುಕ್ರವಾರ ಬಂದ ಹಾಗೆಯೇ. ಅವನು ಮೊಣಕಾಲೂರಿ ಕೂತು ಜಾಳಿಗೆಯ ಅಂಚಿನ ಗಂಟಿಗೆ ಕೈ ಹಾಕಿದ.

"ಹಾಂ, ಹಂಗ ಬರ್ರಿ ದಾರಿಗೆ," ಅಂದ ಲಖನ. "ಬಿಗೀರಿ, ಚಲೋತ್ನಾಗಿ ಬಿಗೀರಿ."

ಗಫಾರ ಬಿಗಿಯುತ್ತಿರಲಿಲ್ಲ. ಒಂದೊಂದೇ ಹಿತ್ತಾಳೆ ಕಣ್ಣಿನಿಂದ ಹಗ್ಗ ಎಳೆದು ಮೊಣಕೈಗೆ ಸುತ್ತಿಕೊಳ್ಳುತ್ತಿದ್ದ. ಬಲಗಡೆಯದು ಮುಗಿಯಿತು, ಎಡಗಡೆಯದೂ ಮುಗಿಯಿತು. ಜಾಳಿಗೆ ಕಳಚಿ ಮರಳಿಗೆ ಬಿತ್ತು. ಎರಡು ಒಡಲುಗಳ ನಡುವೆ ಈಗ ಬರೀ ಗಾಳಿ. ಕೂರಲು ಜಾಗವೇ ಇಲ್ಲ.

"ಏನ್ ಮಾಡಾಕತ್ತೀರಿ?"

"ನಾ ಹೊಲದದ್ದು ನಾ ಒಯ್ಯಾಕತ್ತೇನಿ."

"ಮಂದಿ ಬಂದಾರ! ಹನ್ನೊಂದಕ್ಕ ಪತ್ರಿಕೆಯವರು ಬರ್ತಾರ!"

ಗಫಾರ ಜಾಳಿಗೆಯನ್ನು ಕೊಡವಿದ. ಒಣಗಿದ ಗುಟ್ಕಾದ ಕೆಂಪು ಪುಡಿ ಉದುರಿತು. ಅವನ ಮುಖ ಕಿವುಚಿತು. ಮಡಚಿ ಹೆಗಲಿಗೆ ಹಾಕಿಕೊಂಡ.

"ಉದ್ದವ್ವಾ, ಟಂಟಂ ಹತ್ರಿ. ಆ ಜಾಕೆಟ್ ತಗದು ಕೈ ತೊಳ್ಕೋರಿ."

"ಮಾಮಾ, ಸ್ವಲ್ಪ ಕೇಳ್ರಿ," ಲಖನ ಕನ್ನಡಕ ತೆಗೆದು ಹಿಂದೆ ಬಂದ. "ಒಂದು ಕೆಲಸ ಮಾಡೂಣು. ನೀರಿಗೆ ಇಳಸೂದು ಬ್ಯಾಡ. ದಂಡಿಮ್ಯಾಲ ಇಟ್ಟು ಸುಮ್ನ ಬಾಜೂಕ ನಿಂದ್ರಸಿ ಒಂದು ಫೋಟೋ ಹೊಡದು ಬಿಡೂಣು. ಹಾಯಿ ಅಷ್ಟ ಏರಸಿ ಹೋಗ್ರಿ. ಹಾಯಿ ಏರಸಾಕ ನಮಗ ಬರಂಗಿಲ್ಲ, ಗಾಳಿ ಎತ್ತಾಗ ಐತಿ ಅನ್ನೂದರ ಹೇಳಿ..."

ಗಫಾರ ಆಗಲೇ ಟಂಟಂ ದಾಟಿ ಹುಕ್ಕೇರಿ ದಾರಿಗೆ ಏರಿದ್ದ. ಹೆಗಲ ಮೇಲಿನ ಜಾಳಿಗೆಯ ಅಂಚು ಒಮ್ಮೆ ಉಬ್ಬಿತು. ಅವನು ಅದನ್ನು ಕೈಯಿಂದ ಒತ್ತಿ ಹಿಡಿದು ನಡೆದ.