ದೀಪದಕ್ಕ ದಡಕ್ಕೆ ಹೋದ ದಿನ

ಕಿಟಕಿಯಾಚೆ ಸಮುದ್ರಕ್ಕೆ ಇನ್ನೂ ಬಣ್ಣ ಬಂದಿಲ್ಲ. ನೂರಾ ಇಪ್ಪತ್ತೆಂಟು ಮೆಟ್ಟಿಲು ಹತ್ತಿ ಬಂದ ದೀಪದಕ್ಕ ಕೈಯಲ್ಲೊಂದು ಒಣಬಟ್ಟೆ ಹಿಡಿದು ದೀಪದ ಸುತ್ತಲಿನ ದಪ್ಪ ಗಾಜನ್ನು ಒರೆಸುತ್ತಿದ್ದಾರೆ. ಒರೆಸಿ, ಎರಡು ಹೆಜ್ಜೆ ಹಿಂದೆ ಸರಿದು, ಉರಿಯುವ ದೀಪವನ್ನು ನೋಡುತ್ತಾರೆ. ಅದರ ಸುತ್ತ ಕಾಮನಬಿಲ್ಲಿನಂಥ ಉಂಗುರವೊಂದು ತೇಲುತ್ತಿದೆ. ಮತ್ತೆ ಒರೆಸುತ್ತಾರೆ. ಉಂಗುರ ಹೋಗುವುದಿಲ್ಲ. ಮೂರನೇ ಸಲ ಬಟ್ಟೆ ಎತ್ತಿಕೊಳ್ಳುವ ಹೊತ್ತಿಗೆ ಅವರಿಗೇ ಗೊತ್ತು, ಮಸುಕು ಇರುವುದು ಗಾಜಿನಲ್ಲಲ್ಲ.

ಗಡಿಯಾರ ನೋಡಿ ದೀಪ ಆರಿಸುತ್ತಾರೆ. ಗಾಳಿ ಎಷ್ಟು, ಅಲೆ ಎಷ್ಟೆತ್ತರ, ಮೋಡ ಯಾವ ಕಡೆ ಎಂದು ದಪ್ಪ ಪುಸ್ತಕದಲ್ಲಿ ಬರೆದು, ರೇಡಿಯೊದಲ್ಲಿ ದಡದ ಬಂದರು ಕಚೇರಿಗೆ ಓದಿ ಹೇಳುತ್ತಾರೆ. ದನಿ ಗಟ್ಟಿಯಾಗಿಯೇ ಇದೆ. ಕೆಳಗಿಳಿಯುವಾಗ ಮಾತ್ರ ಎಡಗೈ ಗೋಡೆಯನ್ನು ಬಿಡುವುದಿಲ್ಲ.

ಅಂದು ಇಡೀ ಕುಟುಂಬ ದಡಕ್ಕೆ ಹೋಗುವ ದಿನ. ಅಂಥ ದಿನ ಬರುವುದು ವರ್ಷಕ್ಕೆ ನಾಲ್ಕೇ ಸಲ. ದ್ವೀಪವೆಂದರೆ ಅರ್ಧ ಗಂಟೆಯಲ್ಲಿ ಸುತ್ತಿ ಬರಬಹುದಾದ ಬಂಡೆ. ಅದರ ಮೇಲೆ ಒಂದು ದೀಪಸ್ತಂಭ, ಒಂದು ಮನೆ, ಮಳೆನೀರಿನ ತೊಟ್ಟಿ, ಹನ್ನೊಂದು ಆಡು, ನಾಲ್ಕು ಜನ. ಬ್ಯಾಟರಿ, ಹಿಟ್ಟು, ಸೋಪು, ಸೂಜಿ, ಎಲ್ಲವೂ ಎರಡೂವರೆ ಗಂಟೆ ದೋಣಿ ದೂರ. ಹಗಲಿನ ಹವಾಮಾನದ ವರದಿಗೆ ಆ ಒಂದು ದಿನ ಕಚೇರಿಯವರು ರಜೆ ಕೊಡುತ್ತಾರೆ. ದೀಪಕ್ಕೆ ರಜೆಯಿಲ್ಲ. ಸಂಜೆ ಆರೂಕಾಲಕ್ಕೆ ಅದು ಹತ್ತಲೇಬೇಕು.

ಹಿಂದೆ ಈ ಕೆಲಸ ಮಾಡುತ್ತಿದ್ದವರು ಅವರ ಮಾವ. ಮಗ ಮುಂದುವರಿಸಲಿಲ್ಲ. “ನಮ್ಮ ಯಜಮಾನ್ರಿಗೆ ಎಂಥ ಅಲೆ ಬಂದ್ರೂ ಭಯ ಇಲ್ಲ. ಎತ್ತರ ಅಂದ್ರೆ ಮಾತ್ರ ಜೀವ ಬಾಯಿಗೆ ಬರುತ್ತೆ. ನಲವತ್ತನೇ ಮೆಟ್ಟಿಲಲ್ಲೇ ಕೂತುಬಿಟ್ರು,” ಎಂದು ಆಕೆ ನಗುತ್ತಾರೆ. ಆದ್ದರಿಂದ ಪರೀಕ್ಷೆ ಬರೆದದ್ದು ಸೊಸೆ. ಅದಾಗಿ ಹತ್ತೊಂಬತ್ತು ವರ್ಷ. ದಿನಕ್ಕೆ ಕನಿಷ್ಠ ಎರಡು ಸಲ ಹತ್ತಿ ಇಳಿಯುವುದು, ಮೂರು ಗಂಟೆಗೊಮ್ಮೆ ವರದಿ, ಆ ದೀಪವನ್ನೇ ನಂಬಿ ಹೊರಡುವ ನಲವತ್ತಕ್ಕೂ ಹೆಚ್ಚು ಮೀನುದೋಣಿ. ಅವುಗಳ ಮಂದಿ ರೇಡಿಯೊದಲ್ಲಿ ಕರೆಯುವ ಹೆಸರೇ ದೀಪದಕ್ಕ. ಅವರಲ್ಲಿ ಹೆಚ್ಚಿನವರು ಆಕೆಯ ಮುಖ ನೋಡಿಲ್ಲ.

ವರ್ಷಕ್ಕೊಮ್ಮೆ ಕಣ್ಣಿನ ವೈದ್ಯರ ಪತ್ರವನ್ನು ಕಚೇರಿಗೆ ಒಪ್ಪಿಸಬೇಕು. ಪತ್ರ ಸರಿಯಿಲ್ಲದಿದ್ದರೆ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ಆ ಮನೆಯೂ ಇಲ್ಲ. ಉಂಗುರ ಕಾಣಿಸತೊಡಗಿ ನಾಲ್ಕು ತಿಂಗಳಾದರೂ ಆಕೆ ಮನೆಯಲ್ಲಿ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ದಡದ ಕೆಲಸಗಳ ಚೀಟಿಯಲ್ಲಿ ಅತ್ತೆಯ ಹೊಸ ಹಲ್ಲಿನ ಸೆಟ್ಟು, ಮಗಳ ಚುಚ್ಚುಮದ್ದು, ಅವಳ ಶಾಲಾ ಪರೀಕ್ಷೆಯ ಅರ್ಜಿ ಎಂದೆಲ್ಲ ಬರೆದು, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಕಣ್ಣು’ ಎಂದು ಸೇರಿಸಿದ್ದರು.

ಆರೂವರೆಗೆ ದೋಣಿ ಹೊರಡುತ್ತದೆ. ಗಂಡ ಎಂಜಿನ್ ಹತ್ತಿರ, ಅತ್ತೆ ಮತ್ತು ಹನ್ನೊಂದು ವರ್ಷದ ಮಗಳು ನಡುವೆ, ದೀಪದಕ್ಕ ಮುಂಭಾಗದಲ್ಲಿ. ಅರ್ಧ ದಾರಿಯಲ್ಲಿ ನೀರಿನ ಮಟ್ಟಕ್ಕೇ ಅಡಗಿರುವ ಬಂಡೆಯೊಂದಿದೆ. ಗುರುತಿಗೆ ಅದರ ಮೇಲೆ ಬಿಳಿ ಬಳಿದ ಕಬ್ಬಿಣದ ಕಂಬ ನೆಟ್ಟಿದ್ದಾರೆ. ಕಂಬ ಕಂಡೊಡನೆ ಕೈ ಎತ್ತಿ ತೋರಿಸುವುದು ಯಾವಾಗಲೂ ಆಕೆಯದೇ ಕೆಲಸ. ಅಂದು ತೆಳುವಾದ ಮಂಜು. ಅಲೆ ದೋಣಿಯನ್ನು ಎತ್ತೆತ್ತಿ ಹಾಕುತ್ತಿದೆ.

“ಬಂತೇನೆ?” ಗಂಡ ಕೂಗುತ್ತಾರೆ.

“ಇನ್ನೂ ಇಲ್ಲ. ನೇರ ಹೋಗ್ಲಿ.”

“ಬಲಕ್ಕೆ ತಿರುಗಿಸೋ! ಎಡಗಡೆ ಕಂಬ ಇದೆ, ಬಲಕ್ಕೆ!” ಎಂದು ಚೀರಿದವರು ಅತ್ತೆ.

ದೋಣಿ ಓಲುತ್ತದೆ. ಕೆಳಗೆಲ್ಲೋ ಮರ ಕರಕರನೆ ಉಜ್ಜಿದ ಸದ್ದು. ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಆ ಮೌನದಲ್ಲಿ ಬಂಡೆಯ ಮೇಲೆ ನೀರು ಏರಿ ಇಳಿಯುವುದು ಕೇಳಿಸುತ್ತದೆ, ಪಕ್ಕದಲ್ಲೇ ಯಾರೋ ಉಸಿರಾಡಿದ ಹಾಗೆ. ಗಂಡ ಎಂಜಿನ್ ಹತ್ತಿಸುವ ಹಗ್ಗ ಜಗ್ಗುತ್ತಾರೆ, ಒಮ್ಮೆ, ಎರಡು ಸಲ. ಅಲೆ ದೋಣಿಯನ್ನು ಮತ್ತೆ ಕಂಬದತ್ತ ತಳ್ಳುತ್ತಿದೆ. ಮಗಳು ಅಜ್ಜಿಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ. ದೀಪದಕ್ಕ ಹುಟ್ಟನ್ನು ಬಂಡೆಗೆ ಊರಿ, ಇರುವ ಬಲವನ್ನೆಲ್ಲ ಹಾಕಿ ನೂಕುತ್ತಾರೆ. ನಾಲ್ಕನೇ ಸಲ ಜಗ್ಗಿದಾಗ ಎಂಜಿನ್ ಹತ್ತುತ್ತದೆ.

ಬಂಡೆ ಹಿಂದಾದ ಮೇಲೆ ಗಂಡ ಕೇಳುತ್ತಾರೆ, “ನಿಂಗೆ ಕಾಣಿಸ್ಲಿಲ್ವಾ?”

“ಇಲ್ಲ,” ಎನ್ನುತ್ತಾರೆ ಆಕೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅತ್ತೆಯೇ ಮಾತು ಮುಂದುವರಿಸುತ್ತಾರೆ. “ಗೋಡೆ ಸವರಿಕೊಂಡು ಇಳೀತೀಯಲ್ಲ, ನಾನೇನು ನೋಡಿಲ್ಲ ಅಂದ್ಕೊಂಡ್ಯಾ? ನೀನಾಗಿ ಹೇಳ್ತೀಯೇನೋ ಅಂತ ಸುಮ್ನಿದ್ದೆ. ನನಗೆ ಸೂಜೀಲಿ ದಾರ ಪೋಣಿಸೋಕಾಗಲ್ಲ ಕಣೇ, ದೂರದ್ದು ಚೆನ್ನಾಗಿ ಕಾಣುತ್ತೆ.”

ದಡ ಮುಟ್ಟಿದಾಗ ಒಂಬತ್ತೂಕಾಲು. ಮಗಳನ್ನು ಕರೆದುಕೊಂಡು ಗಂಡ ಚುಚ್ಚುಮದ್ದಿನ ಸಾಲಿಗೆ ಹೋಗುತ್ತಾರೆ. ಅತ್ತೆ ಹಲ್ಲಿನ ವೈದ್ಯರ ಕಡೆ ತಿರುಗಿಯೂ ನೋಡುವುದಿಲ್ಲ. “ಇಷ್ಟು ದಿನ ವಸಡಲ್ಲೇ ಜಗಿದಿದೀನಿ, ಇನ್ನು ಮೂರು ತಿಂಗಳು ಜಗೀತೀನಿ. ನಡಿ,” ಎಂದು ಸೊಸೆಯ ಹಿಂದೆಯೇ ಕಣ್ಣಿನ ಆಸ್ಪತ್ರೆಗೆ ಬರುತ್ತಾರೆ.

ಕತ್ತಲೆ ಕೋಣೆ. ಒಂದು ಕಣ್ಣು ಮುಚ್ಚಿ, ಗದ್ದವನ್ನು ತಣ್ಣನೆಯ ಆಧಾರದ ಮೇಲಿಟ್ಟು, ಬಿಳಿ ಬಟ್ಟಲಿನಂಥ ಯಂತ್ರದೊಳಗೆ ನೋಡಬೇಕು. ಬೆಳಕಿನ ಚುಕ್ಕಿ ಎಲ್ಲಿ ಮಿನುಗಿದರೂ ಕೈಯಲ್ಲಿರುವ ಗುಂಡಿ ಒತ್ತಬೇಕು. ಮೊದಮೊದಲು ಚುಕ್ಕಿಗಳು ಬರುತ್ತವೆ. ಆಮೇಲೆ ನಿಲ್ಲುತ್ತವೆ. ಯಂತ್ರ ಮಾತ್ರ ಕಟಕಟ ಎನ್ನುತ್ತಲೇ ಇದೆ. ಎಲ್ಲೋ ಚುಕ್ಕಿ ಮಿನುಗುತ್ತಿದೆ, ತನಗೆ ಕಾಣುತ್ತಿಲ್ಲ ಎಂದು ದೀಪದಕ್ಕನಿಗೆ ತಿಳಿಯುತ್ತದೆ. ಸದ್ದಿನ ಲಯ ಹಿಡಿದು, ಅಂದಾಜಿನ ಮೇಲೆ ಗುಂಡಿ ಒತ್ತತೊಡಗುತ್ತಾರೆ.

“ಅಮ್ಮಾ, ಕಂಡಾಗ ಮಾತ್ರ ಒತ್ತಿ,” ಎನ್ನುತ್ತಾಳೆ ಪರೀಕ್ಷೆ ಮಾಡುವ ಹುಡುಗಿ.

ಆ ಗಳಿಗೆಯ ಬಗ್ಗೆ ಹೇಳುವಾಗ ಈಗಲೂ ದೀಪದಕ್ಕ ತಲೆ ತಗ್ಗಿಸುತ್ತಾರೆ. “ಸುಳ್ಳು ಒತ್ತಿದೆ. ಐದಾರು ಸಲ ಒತ್ತಿರಬಹುದು. ಆಮೇಲೆ ಬೆಳಗಿನ ಬಂಡೆ ನೆನಪಾಯ್ತು. ನನ್ನ ಮಗು ದೋಣೀಲಿತ್ತು. ಮೀನಿನ ದೋಣೀಲೂ ಯಾರದೋ ಮಕ್ಕಳಿರ್ತಾರಲ್ವಾ? ಮೊದಲಿಂದ ಮಾಡಮ್ಮ ಅಂತ ಆ ಹುಡುಗೀಗೆ ನಾನೇ ಹೇಳಿದೆ.”

ಎರಡನೇ ಸಲ ಆಕೆ ಕಂಡಾಗ ಮಾತ್ರ ಒತ್ತುತ್ತಾರೆ. ಕೈ ಬಹಳ ಹೊತ್ತು ಸುಮ್ಮನೇ ಇರುತ್ತದೆ.

ವೈದ್ಯೆ ಕಾಗದ ಮುಂದಿಟ್ಟು ವಿವರಿಸುತ್ತಾರೆ. ಕಣ್ಣೊಳಗಿನ ಒತ್ತಡ ಏರಿ ನರ ಸವೆದಿದೆ. ನೇರ ನೋಟ ಚೆನ್ನಾಗಿದೆ, ಅಂಚಿನದು ಕಾಲುಭಾಗ ಹೋಗಿದೆ. “ಹೋಗಿದ್ದು ವಾಪಸ್ ಬರಲ್ಲ ಅಮ್ಮ. ಉಳಿದಿದ್ದನ್ನ ಕಾಪಾಡ್ಕೊಬಹುದು. ಬೆಳಿಗ್ಗೆ ಸಂಜೆ ಹನಿ ಹಾಕ್ಬೇಕು, ಒಂದು ದಿನಾನೂ ತಪ್ಪಬಾರದು. ಪತ್ರದಲ್ಲಿ ಮಾತ್ರ ನಾನು ಇದ್ದದ್ದನ್ನೇ ಬರೀಬೇಕು.”

“ಹಾಗೇ ಬರೀರಿ,” ಎನ್ನುತ್ತಾರೆ ದೀಪದಕ್ಕ. ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಪತ್ರವನ್ನು ಮಡಿಸುತ್ತಾರೆ. ಅತ್ತೆ ಪಕ್ಕದಲ್ಲಿ, ಸೊಸೆಯ ಮೊಣಕಾಲ ಮೇಲೆ ಕೈ ಇಟ್ಟು ಕೂರುತ್ತಾರೆ.

ಪತ್ರವನ್ನು ಅಂಚೆಗೆ ಹಾಕಬಹುದಿತ್ತು. ತಲುಪಲು ಎರಡು ವಾರ, ಓದಲು ಮತ್ತೊಂದು ವಾರ ಸಿಗುತ್ತಿತ್ತು. ಆಕೆ ಅದನ್ನು ಹಿಡಿದು ನೇರ ಬಂದರು ಕಚೇರಿಗೆ ಹೋಗುತ್ತಾರೆ. ಮೇಲಧಿಕಾರಿ ಎರಡು ಸಲ ಓದುತ್ತಾರೆ. ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಗೋಡೆಗಡಿಯಾರ ಒಂದೂವರೆ ತೋರಿಸುತ್ತಿದೆ. ಅಷ್ಟರಲ್ಲಿ ಗಂಡ, ಮಗಳೂ ಬಂದು ಬಾಗಿಲಲ್ಲಿ ನಿಂತಿದ್ದಾರೆ.

“ಇದನ್ನ ನೀವೇ ತಂದುಕೊಡ್ತಿದೀರಲ್ಲ,” ಎನ್ನುತ್ತಾರೆ ಮೇಲಧಿಕಾರಿ ಕೊನೆಗೆ. “ದೀಪ ನಿಮ್ಮ ಹತ್ರಾನೇ ಇರ್ಲಿ, ಆರು ತಿಂಗಳು. ಆಮೇಲೆ ಮತ್ತೆ ಪರೀಕ್ಷೆ. ಸಮುದ್ರದ ವರದಿಗೆ ಮಾತ್ರ ಕಣ್ಣು ಚೆನ್ನಾಗಿರೋ ಇನ್ನೊಬ್ರು ಸಹಿ ಹಾಕ್ಬೇಕು. ಮನೇಲಿ ಯಾರಿದಾರೆ?”

“ನಾನಿದೀನಿ,” ಎನ್ನುತ್ತಾರೆ ಅತ್ತೆ. ವಯಸ್ಸು ಎಪ್ಪತ್ನಾಲ್ಕು ಎಂದು ತಿಳಿದು ಅಧಿಕಾರಿಗೆ ನಗು ತಡೆಯಲಾಗುವುದಿಲ್ಲ. ಕೊನೆಗೆ ದೀಪದಕ್ಕನ ಗಂಡನ ಹೆಸರು ಬರೆದುಕೊಳ್ಳುತ್ತಾರೆ. ವರದಿಗಾಗಿ ಸಮುದ್ರ ನೋಡಲು ಮೇಲೆ ಹತ್ತಬೇಕಿಲ್ಲ, ಬಂಡೆಯ ಅಂಚಿನಲ್ಲಿ ನಿಂತರೂ ಸಾಕು.

ದಡ ಬಿಡುವಾಗ ಎರಡೂಮುಕ್ಕಾಲು. ಎದುರುಗಾಳಿ. ಕೊಂಡ ಹಿಟ್ಟಿನ ಚೀಲ ಅರ್ಧ ನೆನೆದುಹೋಗುತ್ತದೆ. ಮುಂಭಾಗದಲ್ಲಿ ಈಗ ಅತ್ತೆ ಕುಳಿತಿದ್ದಾರೆ. ದೀಪದಕ್ಕ ದೋಣಿಗೆ ನುಗ್ಗಿದ ನೀರನ್ನು ಡಬ್ಬಿಯಲ್ಲಿ ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಾರೆ. ಕಂಬ ದಾಟಿದಾಗ ನಾಲ್ಕೂವರೆ. ಮೋಡ ಕವಿದು ಬೆಳಕು ಬೇಗಬೇಗ ಕುಗ್ಗುತ್ತಿದೆ. “ಆವತ್ತು ಮುಳುಗ್ತೀವಿ ಅನ್ನೋ ಭಯಕ್ಕಿಂತ, ಹೊತ್ತಿಗೆ ಸರಿಯಾಗಿ ಮುಟ್ಟಲ್ಲ ಅನ್ನೋ ಭಯಾನೇ ಜಾಸ್ತಿ ಇತ್ತು. ಈ ಗಾಳೀಲಿ ಎಷ್ಟು ದೋಣಿ ಹೊರಗಿವೆಯೋ ಅಂತ ಎಣಿಸ್ತಾ ಇದ್ದೆ,” ಎನ್ನುತ್ತಾರೆ.

ದೋಣಿ ಕಟ್ಟುವುದನ್ನು ಗಂಡನಿಗೆ ಬಿಟ್ಟು, ಒದ್ದೆ ಸೀರೆಯಲ್ಲೇ ಓಡುತ್ತಾರೆ. ನೂರಾ ಇಪ್ಪತ್ತೆಂಟು ಮೆಟ್ಟಿಲು, ನಡುವೆ ಎರಡು ಸಲ ಮುಗ್ಗರಿಸುತ್ತಾರೆ. ದೀಪ ಹತ್ತಿದ್ದು ಆರು ಗಂಟೆ ಹದಿನಾಲ್ಕು ನಿಮಿಷಕ್ಕೆ. ಪುಸ್ತಕದಲ್ಲಿ ಹಾಗೆಯೇ ಬರೆದಿದೆ, ಅಕ್ಷರದ ಮೇಲೆ ನೀರಿನ ಹನಿಯ ಕಲೆಯೊಂದಿಗೆ.

ಇದೆಲ್ಲ ನಡೆದು ಏಳು ವಾರವಾಗಿದೆ. ಬೆಳಿಗ್ಗೆ ಸಂಜೆ ಸೊಸೆಯ ಕಣ್ಣಿಗೆ ಹನಿ ಹಾಕುವುದು ಅತ್ತೆ, “ರೆಪ್ಪೆ ಬಡೀಬೇಡ ಕಣೇ” ಎಂದು ಗದರಿಸಿಕೊಂಡು. ಉಂಗುರ ಈಗ ದಿನವೂ ಕಾಣುವುದಿಲ್ಲ. ಆದರೂ ಆರು ತಿಂಗಳ ಗಡುವು ಎದೆಯ ಮೇಲೆ ಕುಳಿತೇ ಇದೆ. “ಎದ್ದ ತಕ್ಷಣ ಮೊದಲು ಒಂದು ಕಣ್ಣು ಮುಚ್ಚಿ ನೋಡ್ತೀನಿ, ಆಮೇಲೆ ಇನ್ನೊಂದು. ನಿನ್ನೆ ಕಂಡಷ್ಟು ಇವತ್ತೂ ಕಾಣುತ್ತಾ ಅಂತ. ಭಯ ಹೋಗಿಲ್ಲ. ಹೋಗುತ್ತೆ ಅಂತಾನೂ ಅನ್ಸಲ್ಲ.”

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಗಂಡನಿಗೂ ಕೇಳಿಸದಷ್ಟು ಮೆಲ್ಲಗೆ ಹೇಳುತ್ತಾರೆ.

“ನಗಬೇಡಿ ಮತ್ತೆ. ಈ ಕೆಲಸಕ್ಕೆ ಸೇರಿದ ಮೇಲೆ, ನನ್ನ ದೀಪ ದೂರದಿಂದ ಹೇಗೆ ಕಾಣುತ್ತೆ ಅಂತ ನಾನು ನೋಡೇ ಇಲ್ಲ. ಅದು ಉರಿಯೋವಾಗ ಯಾವಾಗಲೂ ಅದರ ಬುಡದಲ್ಲೇ ಇರ್ತೀನಿ. ಕಣ್ಣು ಇಷ್ಟಾದ್ರೂ ಇರುವಾಗಲೇ ಒಂದು ಸಂಜೆ ಯಾರಾದ್ರೂ ದೀಪ ಹಚ್ಚಿಕೊಡ್ಲಿ. ನಾನು ದೋಣೀಲಿ ಕೂತು ದೂರ ಹೋಗಿ, ಒಂದ್ಸಲ ತಿರುಗಿ ನೋಡಿ ಬರ್ತೀನಿ.”